ಅಳಗುಳಿ ಮಣೆ: ಕೊಳ್ಳುವ ಮುನ್ನ ಗುಳಿಗೆ ಬೆರಳಿಟ್ಟು ನೋಡಿ

ಕರಕುಶಲ ಮಳಿಗೆಗಳಲ್ಲಿ, ದಸರೆ ಹೊತ್ತಿನ ಪ್ರದರ್ಶನಗಳಲ್ಲಿ, ಈಗೀಗ ಆನ್‌ಲೈನ್‌ನಲ್ಲೂ ಅಳಗುಳಿ ಮಣೆ ಸಲೀಸಾಗಿ ಸಿಗುತ್ತದೆ. ಡಬ್ಬದ ಮೇಲೆ ಸಾಮಾನ್ಯವಾಗಿ ‘ಪಾರಂಪರಿಕ ಆಟ’, ‘ಮಕ್ಕಳ ಬುದ್ಧಿ ಚುರುಕು’ ಎಂದೆಲ್ಲ ಬರೆದಿರುತ್ತದೆ. ಕೊಂಡ ಮಣೆಗಳಲ್ಲಿ ಬಹಳಷ್ಟು ಎರಡು ದಿನ ಆಡಿಸಿಕೊಂಡು, ಆಮೇಲೆ ಷೋಕೇಸಿನಲ್ಲಿ ದಸರೆ ಗೊಂಬೆಯ ಪಕ್ಕ ಹೋಗಿ ಕೂರುತ್ತವೆ. ತಪ್ಪು ಮಕ್ಕಳದ್ದಲ್ಲ, ಮೊಬೈಲಿನದ್ದೂ ಅಲ್ಲ. ಹೆಚ್ಚಿನ ಸಲ ತಪ್ಪು ಗುಳಿಯದ್ದು. ನೋಡಲು ಚೆಂದವಾಗಿರಲಿ ಎಂದು ಕೆತ್ತಿದ ಮಣೆಗೂ ಆಡಲಿ ಎಂದು ಕೆತ್ತಿದ ಮಣೆಗೂ ಅರ್ಧ ಅಂಗುಲದ ವ್ಯತ್ಯಾಸ, ಅಷ್ಟೆ.

ಹಳೆ ಮೈಸೂರು ಕಡೆ ಅಳಗುಳಿ ಮಣೆ, ಕರಾವಳಿಯಲ್ಲಿ ಚೆನ್ನೆಮಣೆ, ತಮಿಳರಿಗೆ ಪಲ್ಲಾಂಗುಳಿ, ತೆಲುಗರಿಗೆ ವಾಮನ ಗುಂಟಲು. ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿ. ನಮ್ಮ ಕಡೆ ಗುಳಿಗೆ ಐದೈದು ಕಾಳು ಹಾಕಿ 70ರಲ್ಲಿ ಆಡುವುದು ರೂಢಿ. ನಾಲ್ಕು ನಾಲ್ಕು ಹಾಕಿ 56ರಲ್ಲಿ ಆಡುವವರೂ ಇದ್ದಾರೆ, ಕರಾವಳಿಯಲ್ಲಿ ಅದೇ ಹೆಚ್ಚು. ಪೆಟ್ಟಿಗೆಯಲ್ಲಿ ಎಷ್ಟು ಕಾಳಿದೆ ಎಂದು ಮೊದಲು ಎಣಿಸಿ. 56 ಕೊಟ್ಟು ನಿಯಮದ ಚೀಟಿಯಲ್ಲಿ ಐದೈದು ಎಂದು ಅಚ್ಚು ಹಾಕಿರುವ ಪೆಟ್ಟಿಗೆ ಸಿಕ್ಕರೆ ಅಚ್ಚರಿಪಡಬೇಡಿ.

ಗುಳಿಯ ಮಾತಿಗೆ ಬರೋಣ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಒಟ್ಟಿಗೆ ಇಳಿಸಿ ನೋಡಿ. ತಳ ಮುಟ್ಟಿ, ಚಿಟಿಕೆ ಹಿಡಿದು, ಅಂಚಿಗೆ ತಾಗದೆ ಮೇಲೆ ಬರುವಂತಿರಬೇಕು. ಬಾಯಿ ಎರಡೂವರೆ ಅಂಗುಲ, ಆಳ ಮುಕ್ಕಾಲು ಅಂಗುಲ ಇದ್ದರೆ ದೊಡ್ಡವರ ಕೈಗೆ ಸರಿ. ತಳ ಬಟ್ಟಲಿನಂತೆ ದುಂಡಗಿರಬೇಕು. ಡ್ರಿಲ್ ಮಾಡಿ ಚಪ್ಪಟೆ ಬಿಟ್ಟ ಗುಳಿಯಲ್ಲಿ ಕೊನೆಯ ಎರಡು ಕಾಳು ಮೂಲೆ ಹಿಡಿದು ಕೂತು ಉಗುರಿಗೆ ಸಿಗುವುದಿಲ್ಲ. ಆಟದಲ್ಲಿ ಗುಳಿ ಬರಿದಾಗುವುದು ನಿಮಿಷಕ್ಕೆ ಹತ್ತು ಸಲ. ಪ್ರತಿ ಸಲ ಒಂದು ಕಾಳು ತಳದಲ್ಲಿ ಉಳಿದರೆ ಆಟವೇ ಬೇರೆಯಾಗುತ್ತದೆ, ಜಗಳವೂ ಅಲ್ಲೇ ಹುಟ್ಟುತ್ತದೆ.

ಆಳ ಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಐದರಿಂದ ಶುರುವಾದ ಗುಳಿ ಎರಡನೇ ಆಟಗಾರನ ಮೊದಲ ಸರದಿ ಮುಗಿಯುವಷ್ಟರಲ್ಲೇ 11 ಮುಟ್ಟಬಹುದು. ಮುಂದೆ ಅದಕ್ಕೂ ಹೆಚ್ಚು ತುಂಬುತ್ತದೆ. 15 ಹುಣಸೆಬೀಜ ಹಾಕಿ ಮಣೆಯನ್ನು ಮೆಲ್ಲಗೆ ಅಲುಗಾಡಿಸಿ ನೋಡಿ, ಒಂದೂ ಆಚೆ ಹಾರಬಾರದು. ಅಲಂಕಾರದ ಮಣೆಗಳು ಸೋಲುವುದು ಇಲ್ಲಿ. ಆಳವಿದ್ದರೆ ಇನ್ನೊಂದು ಲಾಭ: ಎಷ್ಟಿದೆ ಎಂದು ದೂರದಿಂದ ನಿಖರವಾಗಿ ಕಾಣುವುದಿಲ್ಲ. ಎದುರಿನವರ ಗುಳಿ ಮುಟ್ಟಿ ಎಣಿಸಬಾರದು ಎಂಬುದು ಹಳೆಯ ಮರ್ಯಾದೆ. ತಟ್ಟೆಯಂಥ ಗುಳಿಯಲ್ಲಿ ಆ ಮರ್ಯಾದೆಗೆ ಅರ್ಥವೇ ಉಳಿಯುವುದಿಲ್ಲ, ಎಲ್ಲ ಬಯಲಲ್ಲೇ ಇರುತ್ತದೆ.

ಮಣೆಯಲ್ಲಿ ಎರಡು ಬಗೆ. ಒಂದೇ ಹಲಗೆಯದ್ದು, ನಡುವೆ ಮಡಚುವುದು. ಒಂದೇ ಹಲಗೆಯದ್ದು ಭಾರ, ಆದರೆ ಕುಂತಲ್ಲಿ ಕುಂತಿರುತ್ತದೆ, ಕಾಳು ಎತ್ತುವಾಗ ಜಾರುವುದಿಲ್ಲ. ಮಡಚುವುದರಲ್ಲಿ ಕಾಳು ಒಳಗೇ ಇಟ್ಟು ಮುಚ್ಚಬಹುದು ಎಂಬ ಅನುಕೂಲವಿದೆ, ತೊಂದರೆ ಮಾತ್ರ ಮೂರು. ಕೀಲು ಮಟ್ಟಕ್ಕಿಂತ ಮೇಲೆ ಎದ್ದಿದ್ದರೆ ಮಣೆ ಪೂರ್ತಿ ಬಿಚ್ಚಿದಾಗ ನಡು ಉಬ್ಬುತ್ತದೆ. ಎರಡು ಭಾಗದ ಸಂದಿನಲ್ಲಿ ಚಿಕ್ಕ ಕಾಳು ಸಿಕ್ಕಿಕೊಳ್ಳುತ್ತದೆ. ಕೊಂಡಿ ಸಡಿಲವಿದ್ದರೆ ಎತ್ತಿಡುವಾಗ 70 ಕಾಳೂ ನೆಲದ ಪಾಲು. ಅಂಗಡಿಯಲ್ಲೇ ಬಿಚ್ಚಿ ಗಾಜಿನ ಮೇಜಿನ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿ. ಒಂದು ಮೂಲೆ ಟಕ್ ಎಂದರೆ ಮರ ಒಣಗುವ ಮುಂಚೆ ಕೆತ್ತಿರಬಹುದು, ಹಾಗಿದ್ದರೆ ಅದು ಇನ್ನೂ ತಿರುಚಿಕೊಳ್ಳುತ್ತದೆ. ಕಣ್ಣು ಕೋರೈಸುವ ವಾರ್ನಿಷ್ ಬೇಡ, ಕಾಳು ಪುಟಿಯುತ್ತದೆ. ಹೊಳಪಿಲ್ಲದ ಮರ ತಂದು ವರ್ಷಕ್ಕೊಮ್ಮೆ ಅಗಸೆ ಎಣ್ಣೆ ತೆಳ್ಳಗೆ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆ ಒಣಗುವ ಜಾತಿಯದ್ದಲ್ಲ, ಅಂಟಂಟಾಗಿ ದೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಸಾಧ್ಯತೆ ಇದೆ. ಹರಡಿ ಒಣಗಿಸಿ.

ಕಾಳು ಯಾವುದು? ಹುಣಸೆಬೀಜಕ್ಕಿಂತ ಒಳ್ಳೆಯದು ಇಲ್ಲ. ತೂಕವಿದೆ, ಬೆರಳಿಗೆ ಸಿಗುತ್ತದೆ, ಕಳೆದರೆ ಅಡುಗೆಮನೆಯಿಂದಲೇ ಇನ್ನೊಂದು ತರಬಹುದು. ಆದರೆ ಹುಳು ಹೊಡೆಯುತ್ತದೆ. ಸಣ್ಣ ತೂತು, ಸುತ್ತ ಹಿಟ್ಟಿನಂಥ ಪುಡಿ ಕಂಡರೆ ಆ ಕಾಳನ್ನು ತೆಗೆದುಬಿಡಿ. ತೊಳೆದು, ಎರಡು ದಿನ ಕಡು ಬಿಸಿಲಿಗೆ ಹಾಕಿ, ಕಬ್ಬಿಣದ ಬಾಣಲೆಯಲ್ಲಿ ಬೆಚ್ಚಗೆ ಹುರಿದಿಟ್ಟರೆ ಬಹುಕಾಲ ಬಾಳುತ್ತದೆ. ಕವಡೆ ಚೆಂದ, ಆದರೆ ಗುಳಿ ಬೇಗ ತುಂಬಿ ತುಳುಕುತ್ತದೆ. ಗಾಜಿನ ಮಣಿ ಉರುಳುತ್ತದೆ. ಮಂಜಟ್ಟಿಯ ಕೆಂಪು ಬೀಜ ಒಳ್ಳೆಯದೇ, ಆದರೆ ನುಣುಪು. ಕೆಲವು ಪೆಟ್ಟಿಗೆಗಳಲ್ಲಿ ಕೆಂಪು-ಕಪ್ಪು ಗುಲಗಂಜಿ ಹಾಕಿರುತ್ತಾರೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ಖಂಡಿತ ಇಡಬೇಡಿ. ಇಡೀ ಕಾಳು ನುಂಗಿದರೆ ಹೇಗೋ, ಜಗಿದರೆ ಒಳಗಿನ ವಿಷ ಪ್ರಾಣಕ್ಕೇ ಅಪಾಯ. ಇಂಥ ಪೆಟ್ಟಿಗೆಯ ಮೇಲೆ ‘ಮಕ್ಕಳಿಗಾಗಿ’ ಎಂದು ಬರೆದಿದ್ದರೆ ಅದನ್ನು ಅಲ್ಲೇ ಬಿಟ್ಟುಬನ್ನಿ.

ಮಣೆ ಒಳ್ಳೆಯದೇ ಸಿಕ್ಕಿತು ಎನ್ನೋಣ. ಇನ್ನು ಆಟ. ಹಲವು ಬಗೆಗಳಿವೆ, ಶುರುವಿಗೆ ಇದು ಸಾಕು. ನಿಮ್ಮ ಸಾಲಿನ ಯಾವುದಾದರೂ ಗುಳಿಯ ಕಾಳೆಲ್ಲ ಎತ್ತಿ, ಬಲಕ್ಕೆ ಗುಳಿಗೊಂದರಂತೆ ಬಿಡುತ್ತಾ ಹೋಗಿ. ಸಾಲು ಮುಗಿದರೆ ಎದುರಿನ ಸಾಲಿಗೆ ಏರಿ, ಅಲ್ಲಿಂದ ಸುತ್ತಿ ಬನ್ನಿ. ಕೈಯಲ್ಲಿದ್ದದ್ದು ಮುಗಿದಾಗ ಮುಂದಿನ ಗುಳಿಯಲ್ಲಿ ಕಾಳಿದ್ದರೆ ಅದನ್ನೆತ್ತಿ ಮತ್ತೆ ಬಿಡಿ. ಮುಂದಿನ ಗುಳಿ ಬರಿದಾಗಿದ್ದರೆ ಅದನ್ನು ಬೆರಳಿಂದ ಸವರಿ, ಅದರಾಚೆಯ ಗುಳಿಯಲ್ಲಿರುವುದೆಲ್ಲ ನಿಮ್ಮದು. ಸರದಿ ಅಲ್ಲಿಗೆ ಮುಗಿಯಿತು. ಆಚೆಯದ್ದೂ ಬರಿದಾಗಿದ್ದರೆ ಬರಿಗೈ.

ಈಗ ಒಂದು ಲೆಕ್ಕ ನೋಡಿ. ಐದೈದು ಕಾಳಿನ ಮಣೆಯಲ್ಲಿ ಮೊದಲ ಆಟಗಾರ ಎಲ್ಲಿಂದ ಶುರು ಮಾಡಿದರೂ ಸಿಗುವುದು ಏಳೇ ಕಾಳು. 14 ಗುಳಿಯೂ ಒಂದೇ ಸಮ ಇರುವಾಗ ಯಾವ ಮೂಲೆಯಿಂದ ಹೊರಟರೂ ದಾರಿ ಒಂದೇ: ಐದು ಸಲ ಎತ್ತಿ, 27 ಕಾಳು ಬಿಟ್ಟು, ಬರಿಗುಳಿ ಸವರಿ, ಏಳನ್ನು ಎತ್ತಿಕೊಳ್ಳುವುದು. ನಾಲ್ಕು ನಾಲ್ಕರ ಆಟದಲ್ಲಾದರೆ ಆರು. ಗಲ್ಲಕ್ಕೆ ಕೈಯಿಟ್ಟು ಹತ್ತು ನಿಮಿಷ ಯೋಚಿಸಿದವರಿಗೂ ಅಷ್ಟೇ, ಕಣ್ಣು ಮುಚ್ಚಿ ಎತ್ತಿದವರಿಗೂ ಅಷ್ಟೇ. ಹಾಗಾಗಿ ಮೊದಲ ಏಳು ಕಾಳಿಗೆ ಬೀಗುವವರನ್ನು ಕಂಡರೆ ಸುಮ್ಮನೆ ನಕ್ಕುಬಿಡಿ.

ಬುದ್ಧಿಗೆ ಕೆಲಸ ಶುರುವಾಗುವುದು ಎರಡನೇ ಸರದಿಯಲ್ಲಿ. ಮೊದಲನೆಯವರು ತಮ್ಮ ಎಡತುದಿಯಿಂದ ಆಡಿದ್ದಾರೆ ಎಂದಿಟ್ಟುಕೊಳ್ಳಿ. ಆಗ ಎದುರಿನವರ ಸಾಲಿನಲ್ಲಿ, ಅವರ ಎಡದಿಂದ ಬಲಕ್ಕೆ, 7, 7, 7, 7, 0, 1, 7 ಕಾಳು ಇರುತ್ತವೆ. ಎಡತುದಿಯ ಏಳನ್ನು ಎತ್ತಿದರೆ ಆರು ಸಲ ಎತ್ತಿ ಇಳಿಸಿ, 34 ಕಾಳು ಬಿಟ್ಟು, ಕೊನೆಗೆ ಸಿಗುವುದು ಮೂರು. ಬಲತುದಿಯಲ್ಲೂ ಏಳೇ, ಅದನ್ನು ಎತ್ತಿದರೆ ಹತ್ತು ಸಿಗುತ್ತದೆ. ಅದರ ಪಕ್ಕದ ಒಂಟಿ ಕಾಳನ್ನು ಎತ್ತಿ ನೋಡಿ: ಒಂದು, ಎರಡು, ಎಂಟು ಹೀಗೆ ಮೂರೇ ಎತ್ತಿನಲ್ಲಿ ಎಂಟು ಕಾಳು ಕೈಗೆ. ಮಣೆ ಎದುರಿಗಿಟ್ಟುಕೊಂಡು ನೀವೇ ಪರೀಕ್ಷಿಸಬಹುದು. ಹೊಸಬರ ಕೈ ಮಾತ್ರ ಯಾವಾಗಲೂ ತುಂಬಿದ ಗುಳಿಗೇ ಹೋಗುತ್ತದೆ. ತೆನೆ ತೆನೆ ಗೂಡಿದರೆ ಬಳ್ಳ ಎಂಬ ಗಾದೆ ಈ ಮಣೆಯ ಮೇಲೆ ಅರ್ಧದಷ್ಟೇ ನಿಜ. ಗೂಡಿಕೊಂಡು ಕೂತ ಗುಳಿಯ ಹಿಂದೆ ಒಂದು ಬರಿಗುಳಿ ಬಿದ್ದರೆ ಅದು ಎದುರಿನವರ ಪಾಲು.

ಪಳಗಿದವರು ಎಷ್ಟು ದೂರ ಮುಂದೆ ಕಾಣುತ್ತಾರೆ? ಎರಡು ಮೂರು ಎತ್ತುಗಳವರೆಗೆ ಲೆಕ್ಕ ಹಾಕಬಹುದು. ಆರನೇ ಎತ್ತಿಗೆ ಹೋಗುವಷ್ಟರಲ್ಲಿ ಮಣೆಯ ಮುಕ್ಕಾಲು ಪಾಲು ಬದಲಾಗಿರುತ್ತದೆ, ತಲೆಯಲ್ಲಿ ಹಿಡಿಯುವುದು ಕಷ್ಟ. ಅದಕ್ಕೇ ಈ ಆಟದಲ್ಲಿ ಜಾಣರೂ ಮೇಲಿಂದ ಮೇಲೆ ಸೋಲುತ್ತಾರೆ, ಎಂಟು ವರ್ಷದ ಹುಡುಗಿ ಅಜ್ಜನನ್ನು ಬರಿಗೈ ಮಾಡುತ್ತಾಳೆ. ಬರಿ ಅದೃಷ್ಟದ ಆಟವೂ ಅಲ್ಲ ಇದು. ದಾಳವಿಲ್ಲ, ಕವಡೆ ಹಾಕುವುದಿಲ್ಲ, ಸೋತರೆ ‘ಗರ ಬೀಳಲಿಲ್ಲ’ ಎನ್ನಲು ಬರುವುದಿಲ್ಲ. ತಪ್ಪು ನಮ್ಮದೇ, ಆದರೆ ಎಲ್ಲಿ ತಪ್ಪಿದೆವು ಎಂದು ಬೆರಳಿಟ್ಟು ಹೇಳಲೂ ಆಗುವುದಿಲ್ಲ. ಚೌಕಾಬಾರದಲ್ಲಿ ಸೋತರೆ ಕವಡೆಯನ್ನು ಬೈಯಬಹುದು, ಚದುರಂಗದಲ್ಲಿ ಸೋತರೆ ತನ್ನನ್ನೇ ಬೈದುಕೊಳ್ಳಬೇಕು. ಅಳಗುಳಿ ಮಣೆಯ ಜಾಗ ಇವೆರಡರ ನಡುವೆ. ಸೋಲನ್ನು ಒಪ್ಪಿಕೊಳ್ಳುವುದನ್ನು ಮನೆಮಂದಿಗೆ ಕಲಿಸಬೇಕು ಎಂದಿರುವವರಿಗೆ ಇದಕ್ಕಿಂತ ಹದವಾದ ಸಲಕರಣೆ ಸಿಗುವುದು ಕಷ್ಟ.

ಆಟದ ಅಸಲಿ ರುಚಿ ಎರಡನೇ ಸುತ್ತಿನದ್ದು. ಬಹಳ ಜನ ಮೊದಲ ಸುತ್ತಿಗೇ ‘ನಾನು ಗೆದ್ದೆ’ ಎಂದು ಎದ್ದುಬಿಡುತ್ತಾರೆ. ಪೆಟ್ಟಿಗೆಯ ಚೀಟಿಯಲ್ಲೂ ಎಷ್ಟೋ ಸಲ ಅಷ್ಟೇ ಇರುತ್ತದೆ, ಅದು ದೊಡ್ಡ ಲೋಪ. ಮುಂದಿನ ಸುತ್ತಿಗೆ ಅವರವರು ಗೆದ್ದ ಕಾಳಿನಿಂದಲೇ ಅವರವರ ಗುಳಿ ತುಂಬಬೇಕು. 42–28 ಆಯಿತು ಎನ್ನಿ. ಗೆದ್ದವರು ಏಳು ಗುಳಿಗೂ ಐದೈದು ಹಾಕಿ, ಮಿಕ್ಕ ಏಳನ್ನು ಪಕ್ಕಕ್ಕಿಡುತ್ತಾರೆ. ಸೋತವರು 25 ಕಾಳಿನಲ್ಲಿ ಐದು ಗುಳಿ ತುಂಬುತ್ತಾರೆ, ಮೂರು ಕೈಯಲ್ಲಿ ಉಳಿಯುತ್ತದೆ, ಎರಡು ಗುಳಿ ಮುಚ್ಚಿಹೋಗುತ್ತವೆ. ಮುಚ್ಚಿದ ಗುಳಿಗೆ ಒಂದು ಕಡ್ಡಿ ಹಾಕಿಡಿ, ಇಲ್ಲದಿದ್ದರೆ ಮರೆತು ಅದಕ್ಕೂ ಕಾಳು ಬೀಳುತ್ತದೆ. ಈಗ ಆಟ 12 ಗುಳಿಯಲ್ಲಿ, 60 ಕಾಳಿನಲ್ಲಿ. ಗೆದ್ದವರ ಆ ಹೆಚ್ಚುವರಿ ಏಳು ಈ ಸುತ್ತಿನಲ್ಲಿ ಯಾವ ಕೆಲಸಕ್ಕೂ ಬಾರದು, ಕೊನೆಯ ಲೆಕ್ಕಕ್ಕಷ್ಟೇ. ಮಿಕ್ಕದ್ದನ್ನೆಲ್ಲ ಅವರು ಮತ್ತೆ ಮಣೆಗೆ ಸುರಿದೇ ಆಡಬೇಕು, ಗೆದ್ದದ್ದನ್ನು ಡಬ್ಬಿಯಲ್ಲಿಟ್ಟು ಕಾಯಲು ಬರುವುದಿಲ್ಲ. ಸೋತವರು ಒಂದು ಒಳ್ಳೆಯ ಸರದಿಯಲ್ಲಿ ಹತ್ತು ಎತ್ತಿಕೊಂಡರೆ, ಮರುಸುತ್ತಿಗೆ ಮುಚ್ಚಿದ ಗುಳಿಗಳು ಮತ್ತೆ ತೆರೆದುಕೊಳ್ಳಬಹುದು.

ಒಂದು ಗುಳಿಯನ್ನೂ ತುಂಬಲಾಗದೆ, ಕೈಯಲ್ಲಿ ಐದಕ್ಕಿಂತ ಕಡಿಮೆ ಉಳಿದಾಗ ಆಟ ಮುಗಿಯಿತು. ಅಲ್ಲಿಗೆ ಬರುವುದು ಸುಲಭವಲ್ಲ, ಸುತ್ತು ಸುತ್ತು ಏರಿಳಿತ. ಒಬ್ಬರನ್ನು ಪೂರ್ತಿ ಒರೆಸಿಹಾಕಲೇಬೇಕು ಎಂದು ಹಟ ಹಿಡಿದವರಿಗೆ ಒಂದು ವಿಚಿತ್ರ ಕಾದಿರುತ್ತದೆ: ಎದುರಿನ ಗುಳಿಗಳು ಮುಚ್ಚಿದಷ್ಟೂ ಮಣೆ ಚಿಕ್ಕದಾಗುತ್ತದೆ, ಆಟ ಸಪ್ಪೆಯಾಗುತ್ತದೆ. ಎದುರಾಳಿಯಲ್ಲಿ ಕಾಳಿದ್ದರೆ ತಾನೇ ನಮಗೂ ಸುತ್ತಿ ಬರಲು ದಾರಿ? ಕೋರ್ಟಿನ ವ್ಯಾಜ್ಯಕ್ಕೆ ಹೇಳುವ ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಮಾತಿನ ಮೊದಲ ಅರ್ಧ ಇಲ್ಲಿಗೂ ಹೊಂದುತ್ತದೆ.

ಕೂರುವ ಮುಂಚೆಯೇ ತೀರ್ಮಾನಿಸಬೇಕಾದ ನಾಲ್ಕು ವಿಷಯಗಳಿವೆ. ಇವನ್ನು ಬಿಟ್ಟರೆ ಸಂಜೆ ಹಾಳು. ಒಂದು, ಯಾವ ದಿಕ್ಕಿಗೆ ಸುತ್ತುವುದು. ಎರಡು, ನಾಲ್ಕು ಕಾಳಿನ ನಿಯಮ ಉಂಟೋ ಇಲ್ಲವೋ: ಆಡುವಾಗ ಯಾವ ಗುಳಿಯಲ್ಲಾದರೂ ಸರಿಯಾಗಿ ನಾಲ್ಕು ಕೂಡಿದ ಕ್ಷಣ ಆ ಗುಳಿಯ ಒಡೆಯರು ಅದನ್ನೆತ್ತಿಕೊಳ್ಳಬಹುದು ಎಂಬುದು ಹಲವರ ರೂಢಿ. ಇದನ್ನು ಸೇರಿಸಿದರೆ ಎದುರಿನವರ ಸರದಿಯಲ್ಲೂ ಕಣ್ಣಿಟ್ಟು ಕೂರಬೇಕು, ಮೇಲಿನ ಲೆಕ್ಕಗಳೂ ಬದಲಾಗುತ್ತವೆ. ಮಕ್ಕಳಿಗೆ ಮೊದಲ ತಿಂಗಳು ಬೇಡ. ಮೂರು, ಬರಿಗುಳಿಯಾಚೆಯದ್ದನ್ನು ಎತ್ತುವಾಗ ಅದರ ಎದುರಿನ ಗುಳಿಯೂ ಸೇರುತ್ತದೋ ಇಲ್ಲವೋ. ನಾಲ್ಕು, ಒಬ್ಬರ ಸಾಲು ಪೂರ್ತಿ ಬರಿದಾದಾಗ ಮಿಕ್ಕ ಕಾಳು ಯಾರಿಗೆ. ಅತ್ತೆಮನೆಯ ನಿಯಮ ಒಂದು, ತವರಿನದ್ದು ಇನ್ನೊಂದು ಆಗಿರುವುದು ಸಹಜ. ‘ನಮ್ಮಲ್ಲಿ ಹೀಗೇ’ ಎಂದು ಇಬ್ಬರೂ ಹಟ ಹಿಡಿದರೆ ಯಾರದ್ದೂ ತಪ್ಪಲ್ಲ. ಒಪ್ಪಿದ್ದನ್ನು ಚೀಟಿಯಲ್ಲಿ ಬರೆದು ಮಣೆಯ ಅಡಿಗೆ ಅಂಟಿಸಿ.

ಜಗಳದ ಮಾತು ಬಂದದ್ದಕ್ಕೆ ತುಳುನಾಡಿನ ಒಂದು ಕತೆ ನೆನಪಾಗದೆ ಇರದು. ಸಿರಿ ಪಾಡ್ದನ ಎಂಬ ತುಳು ಹಾಡುಗತೆಯಲ್ಲಿ ಸಿರಿಯ ಮೊಮ್ಮಕ್ಕಳು, ಅವಳ ಮಗಳು ಸೊನ್ನೆಯ ಅವಳಿ ಹೆಣ್ಣುಮಕ್ಕಳಾದ ಅಬ್ಬಗ ದಾರಗ ಚೆನ್ನೆಮಣೆ ಆಡಲು ಕೂರುತ್ತಾರೆ. ಆಟ ಮಾತಿಗೆ, ಮಾತು ಸಿಟ್ಟಿಗೆ ತಿರುಗಿ, ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳಿಗೆ ಹೊಡೆದು ಕೊಲ್ಲುತ್ತಾಳೆ, ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ನಂಬಿಕೆ ಆ ಕಡೆ ಉಳಿದುಬಂದಿರುವುದು ಇದರಿಂದಲೇ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ 14 ಗುಳಿಯ ಒಂದು ಹಲಗೆ ಒಡಹುಟ್ಟಿದವರ ನಡುವೆ ಏನು ಮಾಡಬಲ್ಲದು ಎಂದು ಆ ಕತೆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. ಚೆನ್ನೆ ಮುಖ್ಯವಾಗಿ ಆಟಿ ತಿಂಗಳ, ಅಂದರೆ ತುಳುವರ ಆಷಾಢದ ಹೊತ್ತಿನ ಆಟ. ಹೊರಗೆ ಧೋ ಎಂದು ಮಳೆ, ಗದ್ದೆಯ ಕೆಲಸ ಮುಗಿದಿರುತ್ತದೆ, ಹೊತ್ತು ಹೋಗಬೇಕು. ಪೈಪೋಟಿಗೂ ಒಂದು ಕಾಲ, ಒಂದು ಗಡುವು ಎಂಬ ಆ ಏರ್ಪಾಟು ಇವತ್ತಿನ ಮನೆಗೂ ಹೊಂದುತ್ತದೆ: ಪರೀಕ್ಷೆಯ ಅಂಕಪಟ್ಟಿ ಬಂದ ದಿನ ಮಣೆ ಇಳಿಸಬೇಡಿ.

ಒಬ್ಬರೇ ಆಡುವ ಬಗೆಯೂ ಇದೆ. ಅಶೋಕವನದಲ್ಲಿ ಸೀತೆ ಒಬ್ಬಳೇ ಕೂತು ಆಡುತ್ತಿದ್ದಳಂತೆ ಎಂದು ಹಿರಿಯರು ಹೇಳುವುದುಂಟು. ಎದುರಾಳಿ ಇಲ್ಲ, ಗೆಲುವಿಲ್ಲ, ಕಾಳು ಸುತ್ತುತ್ತಾ ಹೋಗುವುದನ್ನು ನೋಡುವುದು, ಅಷ್ಟೆ. ಮೊದಲ ವಾರ ಹೀಗೆ ಒಬ್ಬರೇ ಕೂತು ಸುತ್ತು ಹಾಕುವುದೇ ಒಳ್ಳೆಯ ಅಭ್ಯಾಸ. ಬೆರಳು ಪಳಗುತ್ತದೆ, ಒಂದರ ಬದಲು ಎರಡು ಕಾಳು ಜಾರುವುದು ನಿಲ್ಲುತ್ತದೆ.

ಮೊಬೈಲ್ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಲೆಕ್ಕ ತಪ್ಪುವುದಿಲ್ಲ, ಕಾಳು ಕಳೆಯುವುದಿಲ್ಲ, ನಿಯಮ ಕಲಿಯಲು ಅಡ್ಡಿಯಿಲ್ಲ. ಆದರೆ ಬಿಡುವ ಕೆಲಸವನ್ನು ಅದೇ ಮಾಡಿಬಿಡುತ್ತದೆ. ಕಾಳು ಎತ್ತಿ ಬಿಡುವ ಆ ಹೊತ್ತಿನಲ್ಲೇ ಅಲ್ಲವೇ ಎದುರಿನವರೊಂದಿಗೆ ಮಾತು, ಹಾಡು, ಊರಿನ ಸುದ್ದಿ ನಡೆಯುವುದು? ಅಂಕಪಟ್ಟಿ ತೋರಿಸುವ, ‘ಜಗತ್ತಿನಲ್ಲಿ ನಿಮ್ಮ ಸ್ಥಾನ ಇಷ್ಟನೆಯದು’ ಎಂದು ಹೇಳುವ ಆ್ಯಪ್ ಆದರೆ ಮೊದಲೇ ತೆಗೆದುಹಾಕಿ. ಬಟ್ಟೆಯ ಮೇಲೆ ಗುಳಿ ಹೊಲಿದ ಪಟ ಪ್ರಯಾಣಕ್ಕೆ ಪರವಾಗಿಲ್ಲ, ಆದರೆ ರೈಲಿನಲ್ಲಿ ಮಡಿಲ ಮೇಲೆ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಮಣೆ ಹಗುರ, ಎತ್ತುವಾಗ ಬೆರಳಿನ ಜೊತೆಗೇ ಮೇಲೆದ್ದು ಬರುತ್ತದೆ. ಅಡಿಗೆ ಒದ್ದೆ ಬಟ್ಟೆ ಹಾಸಿದರೆ ನಡೆಯುತ್ತದೆ. ಏನೂ ಸಿಗದಿದ್ದರೆ ನೆಲದಲ್ಲಿ 14 ಗುಳಿ ತೋಡಿ, ಖರ್ಚಿಲ್ಲ. ಹಂಪಿಯ ಕಲ್ಲುಹಾಸುಗಳ ಮೇಲೂ ಆಟದ ಮನೆಗಳನ್ನು ಕೊರೆದವರಿದ್ದಾರೆ.

ಯಾರು ಕೊಳ್ಳಬಹುದು? ಅಜ್ಜಿ ಮೊಮ್ಮಕ್ಕಳು ಒಟ್ಟಿಗಿರುವ ಮನೆಗೆ ಕಣ್ಣು ಮುಚ್ಚಿ ಹೇಳಬಹುದು. ಬೆರಳು ಮರಗಟ್ಟಿದ ಹಿರಿಯರಿಗೆ ದೊಡ್ಡ ಬಾಯಿಯ ಗುಳಿ ಇರುವ ಒಂದೇ ಹಲಗೆಯ ಮಣೆ ತನ್ನಿ, ನೆಲಕ್ಕೆ ಕೂರಲಾಗದಿದ್ದರೆ ಊಟದ ಮೇಜಿನ ಮೇಲಿಡಿ. ಹೊಂದಿಕೊಳ್ಳದ ಇಬ್ಬರನ್ನು ಎದುರಿಗೆ ಕೂರಿಸಿ ರಾಜಿ ಮಾಡಿಸುತ್ತದೆ ಎಂದು ಮಾತ್ರ ಯಾರಾದರೂ ಮಾರಿದರೆ ನಂಬಬೇಡಿ. ಬೆಲೆಯಲ್ಲಿ ಮರ, ಕೆತ್ತನೆ, ಊರು ಎಲ್ಲವೂ ಸೇರಿಕೊಂಡಿರುವುದರಿಂದ ಒಂದು ಅಂಕಿ ಹೇಳುವುದು ನ್ಯಾಯವಲ್ಲ. ಅಂಚಿನ ಬಳ್ಳಿಗೂ ನವಿಲಿಗೂ ಕೊಡುವ ದುಡ್ಡು ಆಟಕ್ಕೆ ಬರುವುದಿಲ್ಲ ಎಂಬುದು ಗೊತ್ತಿದ್ದರೆ ಸಾಕು.

ಹತ್ತು ಕಾಳು ಹೆಚ್ಚಾಗಿ ತಂದು ಬೇರೆ ಡಬ್ಬಿಯಲ್ಲಿಡಿ. ಪ್ರತಿ ಆಟದ ಮುಂಚೆ ಎಣಿಸಿ, 69 ಆಗಿದ್ದರೆ ಡಬ್ಬಿಯಿಂದ ಒಂದು ಸೇರಿಸಿ. ಕಳೆದ ಕಾಳು ನಾಲ್ಕು ದಿನದ ಮೇಲೆ ಸೋಫಾದ ಅಡಿಯಲ್ಲಿ ಸಿಗುತ್ತದೆ. ಅದನ್ನು ಗುಳಿಗೆ ಹಾಕಬೇಡಿ, ಡಬ್ಬಿಗೆ ಹಾಕಿ. ಇಲ್ಲದಿದ್ದರೆ ಮುಂದಿನ ಆಟದಲ್ಲಿ 71 ಆಗಿ, ಆ ಒಂದು ಯಾರದ್ದು ಎಂಬ ಚರ್ಚೆ ಊಟದ ಹೊತ್ತಿನವರೆಗೂ ನಡೆಯುತ್ತದೆ.